ಎರಡು ಸಲ ಒತ್ತಿದ ಬೆರಳು

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ, ಬಟ್ಟೆ ಒಗೆದು ಬದುಕುವ ಹೆಂಗಸೊಬ್ಬಳು ಠಾಣೆಗೆ ಬಂದಳು. ಗುರುವಾರ ಮಗಳ ಕಾಲಿಗೆ ಶಸ್ತ್ರಚಿಕಿತ್ಸೆ. ಅದಕ್ಕೆಂದು ಕೂಡಿಟ್ಟ ಹಣದಲ್ಲಿ ಅರ್ಧ ಖಾತೆಯಲ್ಲಿ ಇರಲಿಲ್ಲ.

“ಯಾರ ಮೇಲೆ ಅನುಮಾನ?” ಇನ್ಸ್‌ಪೆಕ್ಟರ್ ಕೇಳಿದರು.

“ನನ್ ಬೆರಳ ಮೇಲೇ ಸಾರ್. ಸೋಪು, ಸೋಡಾಕ್ಕೆ ಗೆರೆಯೆಲ್ಲ ಸವೆದಿದೆ. ಎರಡೆರಡು ಸಲ ಒತ್ತಿದ್ರೇನೇ ದುಡ್ಡು ತೆಗೆಯೋ ಯಂತ್ರದಲ್ಲಿ ಗುರುತು ಕೂರೋದು.”

ಬರೆಯುತ್ತಿದ್ದ ಪೆನ್ನು ನಿಂತಿತು. “ಎರಡು ಸಲ?”

“ಪ್ರತಿ ಸಲಾನೂ.”

ಎಫ್‌ಐಆರ್ ದಾಖಲಾಯಿತು. ಶಾಖೆ ಮುಚ್ಚಿದ ಮೇಲೆ ಆ ಹಳ್ಳಿಗೆ ಬ್ಯಾಂಕೆಂದರೆ ಮೊಬೈಲ್ ಅಂಗಡಿಯ ಏಜೆಂಟ್ ಒಬ್ಬನೇ. ಊರವರ ಬಾಯಲ್ಲಿ ‘ಬ್ಯಾಂಕಣ್ಣ’. ಖಾತೆಯ ವಿವರ ತರಿಸಿದಾಗ, ಅವಳು ಒಂದು ಸಲ ಹಣ ಪಡೆದ ದಿನವೆಲ್ಲ ಎರಡು ಸಲ ಹಣ ಹೋಗಿತ್ತು. ಸಂದೇಶ ಬರಬೇಕಾದ ಫೋನ್ ಸಂಖ್ಯೆಯೂ ಬ್ಯಾಂಕಣ್ಣನದೇ.

“ಬೇರೆ ಊರಲ್ಲಿ ಈ ಯಂತ್ರ ಹಣ ಹೋದದ್ದನ್ನ ಕೂಗಿ ಹೇಳುತ್ತೆ ಸಾರ್,” ಎಂದಳು ಮಹಿಳಾ ಕಾನ್‌ಸ್ಟೆಬಲ್. “ಇವನದು ಮೂಕ.”

ಮಂಗಳವಾರ ಕಾನ್‌ಸ್ಟೆಬಲ್ ಆ ಹೆಂಗಸಿನ ತಂಗಿಯಂತೆ ಅಂಗಡಿಯ ಸಾಲಿನಲ್ಲಿ ನಿಂತಳು. ಸಾಕ್ಷಿಗೆಂದು ಕರೆತಂದ ಪಂಚರಿಬ್ಬರು ಹಿಂದೆ. ಯಂತ್ರದ ಸ್ಪೀಕರಿಗೆ ಗಾಯದ ಪಟ್ಟಿ ಅಂಟಿಸಿತ್ತು. ಹೆಂಗಸು ಬೆರಳಿಟ್ಟಳು. ಕಾನ್‌ಸ್ಟೆಬಲ್ ಪಟ್ಟಿ ಕಿತ್ತಳು.

“ಐನೂರು ಪಾವತಿಯಾಗಿದೆ,” ಯಂತ್ರ ಕೂಗಿತು.

ಬ್ಯಾಂಕಣ್ಣನ ನಾಲಿಗೆ ಆಗಲೇ ಅಭ್ಯಾಸದಂತೆ ಹೊರಳಿತ್ತು: “ಕೂರಲಿಲ್ಲ ಚಿಕ್ಕಮ್ಮ, ಇನ್ನೊಂದ್ಸಲ ಒತ್ತಿ.”

ಹೆಂಗಸು ಕೈ ಹಿಂದೆಳೆದುಕೊಂಡಳು. “ಬೆರಳಿಗೆ ಎಣ್ಣೆ ಹಚ್ಚಿ ಅಂದ್ಯಲ್ಲೋ! ಪಲ್ಯಕ್ಕಿಲ್ಲದ ಎಣ್ಣೇನ ರಾತ್ರಿಯೆಲ್ಲ ಬೆರಳಿಗೆ ತಿಕ್ಕಿದೆನಲ್ಲೋ, ಮನೆಹಾಳ!”

ಪಂಚನಾಮೆ ಬರೆದು, ಯಂತ್ರವನ್ನೂ ಗಲ್ಲಾದ ಹಣವನ್ನೂ ವಶಕ್ಕೆ ಪಡೆದು, ಅವನನ್ನು ಬಂಧಿಸಿದರು.

“ಕಂಪನಿ ಎಂಟು ತಿಂಗಳಿಂದ ಕಮಿಷನ್ ಕೊಟ್ಟಿಲ್ಲ ಸಾರ್,” ಠಾಣೆಯಲ್ಲಿ ಅವನು ಮೆಲ್ಲಗೆ ಹೇಳಿದ. “ಎಲ್ಲರ ಹತ್ರಾನೂ ತೆಗೀಲಿಲ್ಲ.”

“ಮತ್ಯಾರ ಹತ್ರ?”

“ಬೆರಳು ಸವೆದವರ ಹತ್ರ. ಅವರು ತಮ್ಮನ್ನೇ ಬೈಕೋತಾರೆ.”

ಇನ್ಸ್‌ಪೆಕ್ಟರರ ಪೆನ್ನು ಕಾಗದವನ್ನು ಹರಿದು ಮೇಜಿಗೆ ತಗುಲಿತು.

ವಶಪಡಿಸಿಕೊಂಡ ಹಣ ಕೋರ್ಟಿನ ಆದೇಶವಿಲ್ಲದೆ ಕೈಗೆ ಬರದು. ಆಸ್ಪತ್ರೆ ದಿನವನ್ನು ಮುಂದಕ್ಕೆ ಹಾಕಿತು. ಕಳ್ಳ ಸಿಕ್ಕಿದ, ಗುರುವಾರ ಸಿಗಲಿಲ್ಲ.

ಹಣ ಬಿಡುಗಡೆಯ ಅರ್ಜಿಗೆ ಹೆಬ್ಬೆಟ್ಟು ಬೇಕಿತ್ತು. ಶಾಯಿಯ ಡಬ್ಬಿ ನೋಡಿದ್ದೇ ಹೆಂಗಸು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಇದಕ್ಕೂ ಎರಡು ಸಲಾನಾ?”

ಕಾನ್‌ಸ್ಟೆಬಲ್ ಅವಳ ಪಕ್ಕ ಕೂತಳು. “ಒಂದೇ ಸಲ, ಅಕ್ಕ. ಕೂರದಿದ್ರೂ ಒಂದೇ ಸಲ.”