ಹಸಿರು ಗಡಿಯಾರದ ಹದಿನೈದು ಸೆಕೆಂಡು

"ಟೈಮ್ ಅಪ್! ಪೆನ್ ಕೆಳಗೆ!"

ಅಲಾರಾಂ ಕೂಗಿದ ರಭಸಕ್ಕೆ ಅಕ್ಕನ ಕೈಯಿಂದ ಪೆನ್ನು ಜಾರಿ ಮಂಚದ ಕೆಳಗೆ ಉರುಳಿತು.

ಅಲಾರಾಂ ಅಂದರೆ ಗಡಿಯಾರವಲ್ಲ, ಹುಡುಗಿ. ಐದನೇ ಕ್ಲಾಸು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಾರೆ. ಮುಂದೆ ಅಂಗಡಿ, ಹಿಂದೆ ಮನೆ. ಇವಳ ಗಂಟಲು ಕೇಳಿ ಅಪ್ಪನೇ ಇಟ್ಟ ಹೆಸರು ಅದು.

"ವಾಕ್ಯ ಮುಗಿಯೋಕೆ ಇನ್ನೆರಡು ಪದ ಬಾಕಿ ಇತ್ತು ಕಣೇ!" ಅಂದಳು ಅಕ್ಕ.

"ಪರೀಕ್ಷೇಲಿ ಯಾರೂ ಕಾಯಲ್ಲ. ನೆಕ್ಸ್ಟ್!"

ಅಲಾರಾಂ ಅಪ್ಪನ ಹಳೇ ಕೋಟು ತೊಟ್ಟು ಸ್ಟೂಲಿನ ಮೇಲೆ ಆಫೀಸರ್ ಥರ ಕೂತಿದ್ದಳು. ಕೋಟಿನ ತೋಳು ಬೆರಳನ್ನೂ ದಾಟಿ ನೇತಾಡುತ್ತಿತ್ತು. ಮಡಿಲಲ್ಲಿ ರಟ್ಟಿನ ಕಾರ್ಡುಗಳು, ಪಕ್ಕದಲ್ಲಿ ಎರಡು ಕಿವಿಯಂಥ ಗಂಟೆಗಳಿದ್ದ ಹಸಿರು ಗಡಿಯಾರ.

ಅಕ್ಕನಿಗೆ ಸೈನ್ಯದಲ್ಲಿ ಆಫೀಸರ್ ಆಗುವ ಆಸೆ. ಅದಕ್ಕೆ ದೊಡ್ಡ ಇಂಟರ್‌ವ್ಯೂ ಇದೆ. ಅದಕ್ಕೂ ಮೊದಲು ಒಂದು ಬರೆಯುವ ಪರೀಕ್ಷೆ. ಪರದೆಯ ಮೇಲೆ ಒಂದು ಪದ ಬರುತ್ತದೆ. ಹದಿನೈದು ಸೆಕೆಂಡಿನಲ್ಲಿ ಅದರ ಮೇಲೆ ಒಂದು ವಾಕ್ಯ ಬರೆಯಬೇಕು. ಹಾಗೆ ಅರವತ್ತು ಪದ. ಆಮೇಲೆ ಆ ಹಾಳೆಯನ್ನೇ ಮುಂದಿಟ್ಟುಕೊಂಡು ಆಫೀಸರ್ ಪ್ರಶ್ನೆ ಕೇಳುತ್ತಾರೆ. ಹೋದ ವರ್ಷ ಅಕ್ಕ ಹನ್ನೊಂದು ಪದ ಖಾಲಿ ಬಿಟ್ಟು ವಾಪಸ್ ಬಂದಿದ್ದಳು. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಸಲ. ನಾಳೆ ಬೆಳಿಗ್ಗೆ ರೈಲು.

ಅಲಾರಾಂ ಕಾರ್ಡು ಎತ್ತಿ ಹಿಡಿದಳು. ಬಾಗಿಲು.

ಅಕ್ಕ ಇನ್ನೊಂದು ಪೆನ್ನು ತೆಗೆದು ಬರೆಯತೊಡಗಿದಳು. ಅಲಾರಾಂ ಮುಳ್ಳನ್ನೇ ನೋಡುತ್ತಿದ್ದಳು. ಹನ್ನೆರಡು, ಹದಿಮೂರು, ಹದಿನಾಲ್ಕು...

"ಟೈಮ್ ಅಪ್!"

ಹಾಳೆಯಲ್ಲಿ 'ಬಾಗಿಲು ಹಾಕಿದ್ದರೆ ನಾನು ಮೊದಲು' ಎಂದಷ್ಟೇ ಇತ್ತು.

"ಮೊದಲು ಏನು? ಆಫೀಸರ್ ಕೇಳಿದ್ರೆ ಏನ್ ಹೇಳ್ತೀಯ? ಮೊದಲು ತೂಕಡಿಸ್ತೀನಿ ಅಂತೀಯಾ?"

ಅಕ್ಕ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು. "ಮೂರು ವಾರದಿಂದ ದಿನಾ ಹೀಗೇ ಆಗ್ತಿದೆ. ಅರವತ್ತರಲ್ಲಿ ಇಪ್ಪತ್ತು ಅರ್ಧಂಬರ್ಧ. ಹೋದ ವರ್ಷಕ್ಕಿಂತ ಕಡೆ. ನಾನು ನಾಳೆ ಹೋಗಲ್ಲ."

"ಸುಮ್ನೆ ಹೇಳ್ತಿದ್ದೀಯ."

"ಇಲ್ಲ. ಅಪ್ಪಂಗೆ ಹೇಳಿಬಿಡು, ಟಿಕೆಟ್ ಕ್ಯಾನ್ಸಲ್ ಮಾಡ್ಲಿ."

ಅಕ್ಕ ತಯಾರಾಗಿದ್ದ ಬ್ಯಾಗಿನಿಂದ ಇಸ್ತ್ರಿ ಮಾಡಿದ ಶರ್ಟು ತೆಗೆದು ಮತ್ತೆ ಹ್ಯಾಂಗರಿಗೆ ಹಾಕಿದಳು. ಅಲಾರಾಂ ಕೋಟು ಸಮೇತ ಅಂಗಡಿಗೆ ಓಡಿದಳು.

ಅಂಗಡಿಯಲ್ಲಿ ಬೇಕರಿಯವರು ಕೌಂಟರಿಗೆ ಒರಗಿ ನಿಂತಿದ್ದರು. ರೆಪ್ಪೆಯ ಮೇಲೂ ಮೈದಾ ಹಿಟ್ಟು.

"ಮೂರು ವಾರ ಆಯ್ತು ಮಾರಾಯ್ರೇ! ಇದೆಯೋ ಇಲ್ವೋ ಅದನ್ನಾದ್ರೂ ಹೇಳಿ."

ಅಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದರು. ಅವರ ಮುಖ ಬೆವರಿತ್ತು. "ಇಲ್ಲೇ ಕೆಳಗಿನ ಶೆಲ್ಫಲ್ಲಿ ಇಟ್ಟಿದ್ದೆ. ಕೆಂಪು ದಾರ ಕಟ್ಟಿ. ಹುಡುಕಿ ಸಾಕಾಯ್ತು. ಮೂವತ್ತು ವರ್ಷದಲ್ಲಿ ಒಂದು ಗಡಿಯಾರ ಕಳ್ಕೊಂಡಿಲ್ಲ ನಾನು."

"ಹಸಿರುದು. ಎರಡು ಗಂಟೆ ಇರೋದು," ಅಂದರು ಬೇಕರಿಯವರು. "ಹಾಳಾದ್ದು ಕುದುರೆ ಥರ ಓಡ್ತಿತ್ತು. ಬನ್ನಿಗೆ ಇಪ್ಪತ್ತು ನಿಮಿಷ ಅಂತ ಇಟ್ರೆ, ಹದಿನಾರಕ್ಕೇ ಬಡ್ಕೊಳ್ತಿತ್ತು. ಮೇಲೆ ಕೆಂಪು, ಒಳಗೆ ಹಸಿ ಹಸಿ. ಗಿರಾಕಿಗಳು ನನ್ನನ್ನೇ ಬೇಯಿಸಿಬಿಟ್ರು!"

ಅಲಾರಾಂ ನಿಂತಲ್ಲೇ ನಿಂತಳು.

ಕೆಂಪು ದಾರ ಕಟ್ಟಿದ್ದು ಅಂದರೆ ರೋಗಿ, ಯಾರೂ ಮುಟ್ಟಬಾರದು. ಅದು ಅಪ್ಪನ ಕಾನೂನು. ಮೇಲಿನ ಶೆಲ್ಫಿನಲ್ಲಿ ಸರಿಯಾದ ಗಡಿಯಾರಗಳು ಬೇಕಾದಷ್ಟಿದ್ದವು. ಆದರೆ ಈ ಹಸಿರುದರ ಟಿಕ್ ಟಿಕ್ ಎಷ್ಟು ಜೋರಾಗಿತ್ತು! ಆಫೀಸರ್‌ಗೆ ತಕ್ಕ ಗಡಿಯಾರ ಅನ್ನಿಸಿತ್ತು. ದಾರ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡಿದ್ದಳು. ಈಗಲೂ ಅದು ಬೆರಳಿಗೆ ಸಿಗುತ್ತಿತ್ತು.

ಇಪ್ಪತ್ತಕ್ಕೆ ಹದಿನಾರು. ಹಾಗಾದರೆ ಹದಿನೈದಕ್ಕೆ? ಅವಳು ತೋಳಿನೊಳಗೇ ಬೆರಳು ಮಡಿಸಿದಳು. ಹನ್ನೆರಡು!

ಬಾಯಿ ಬಿಟ್ಟರೆ ಬೇಕರಿಯವರ ಎದುರಿಗೇ ಬೈಗುಳ. ಬಿಡದಿದ್ದರೆ ಶರ್ಟು ಹ್ಯಾಂಗರಿನಲ್ಲೇ ನೇತಾಡುತ್ತದೆ.

"ಅಪ್ಪಾ... ಗಡಿಯಾರ ನನ್ನ ಹತ್ರ ಇದೆ."

ಅವಳ ಬಾಯಿಂದ ಅಷ್ಟು ಸಣ್ಣ ದನಿ ಬಂದದ್ದು ಯಾರೂ ಕೇಳಿರಲಿಲ್ಲ. ಅವಳು ಕೆಂಪು ದಾರವನ್ನು ಕೌಂಟರಿನ ಮೇಲಿಟ್ಟು ಎಲ್ಲ ಹೇಳಿದಳು.

ಅಪ್ಪ ದಾರವನ್ನು ನೋಡಿದರು. ಮಗಳನ್ನು ನೋಡಿದರು.

"ನನ್ನ ಹತ್ರ ಆಮೇಲೆ ಮಾತಾಡು. ಮೊದಲು ಇವರ ಹತ್ರ."

"ತಪ್ಪಾಯ್ತು ಮಾಮ," ಅಂದಳು ಅಲಾರಾಂ.

ಬೇಕರಿಯವರು ಹಿಟ್ಟಿನ ಕೈಯಲ್ಲೇ ಹಣೆ ಒತ್ತಿಕೊಂಡರು. "ನಾನು ಬನ್ನು ಹಾಳು ಮಾಡ್ದೆ, ನೀನು ಅಕ್ಕನ್ನ ಹಾಳು ಮಾಡ್ದೆ. ಮೊದಲು ಹೋಗಿ ಅವಳಿಗೆ ಹೇಳಮ್ಮ!"

ಅಪ್ಪ ತಮ್ಮ ಕೈಗಡಿಯಾರ ಬಿಚ್ಚಿ ಮಗಳಿಗೆ ಕೊಟ್ಟರು. "ಇದು ಸುಳ್ಳು ಹೇಳಲ್ಲ."

ಒಳಗೆ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಲಾರಾಂ ಹೇಳಿ ಮುಗಿಸುವ ಮೊದಲೇ ಎದ್ದು ಕೂತಳು.

"ಹನ್ನೆರಡಾ? ಬರೀ ಹನ್ನೆರಡಾ?" ದಿಂಬು ತೂರಿ ಬಂತು. ಅಲಾರಾಂ ಬಗ್ಗಿದಳು. ಎರಡನೇ ದಿಂಬು ಸರಿಯಾಗಿ ಬಿತ್ತು. "ಮೂರು ವಾರ ನಾನು ದಡ್ಡಿ ಅಂದ್ಕೊಂಡಿದ್ದೆನಲ್ಲೇ, ಕೋತಿ!"

ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಎರಡೂ ಇರಬೇಕು. ಮಂಚದ ಕೆಳಗೆ ತೆವಳಿ, ಆಗ ಉರುಳಿದ್ದ ಪೆನ್ನನ್ನೇ ಹುಡುಕಿ ತಂದಳು. ತಲೆಗೂದಲಿನ ತುಂಬ ಧೂಳು.

"ಹಿಡಿ ಕಾರ್ಡು."

ಬಾಗಿಲು.

ಪೆನ್ನು ಸರಸರ ಓಡಿತು. ನಿಂತಿತು. ಅಕ್ಕ ತಲೆ ಎತ್ತಿದಳು. 'ಬಾಗಿಲು ಹಾಕಿದ್ದರೆ ನಾನು ಮೊದಲು ತಟ್ಟಿ ನೋಡುತ್ತೇನೆ.' ಚುಕ್ಕೆ ಕೂಡ ಇಟ್ಟಿದ್ದಳು.

"ಆಯ್ತು. ಎಷ್ಟಿದೆ?"

ಇನ್ನೂ ಎರಡು ಸೆಕೆಂಡು ಇತ್ತು.

ಅಲಾರಾಂ ಮುಳ್ಳಿನಿಂದ ಕಣ್ಣು ತೆಗೆದಳು. ಅಕ್ಕನ ಉಗುರುಗಳು ಕಚ್ಚಿ ಕಚ್ಚಿ ಕೆಂಪಾಗಿದ್ದವು. ಕಣ್ಣಿನ ಕೆಳಗೆ ಕಪ್ಪು. ಮೂರು ವಾರದಿಂದಲೂ ಹೀಗೇ ಇದ್ದಿರಬೇಕು. ಅಷ್ಟು ಹತ್ತಿರ ಕೂತು ಅವಳು ಗಡಿಯಾರ ಮಾತ್ರ ನೋಡಿದ್ದಳು.

"ಟೈಮ್ ಅಪ್," ಅಂದಳು, ಮೆತ್ತಗೆ.

ಅಂಗಡಿಯಿಂದ ಅಪ್ಪನ ದನಿ ಬಂತು. "ಏನದು, ಸದ್ದೇ ಇಲ್ಲ? ನಮ್ಮ ಅಲಾರಾಂ ಕೂಡ ಕೆಟ್ಟೋಯ್ತಾ?"

"ಇಲ್ಲಪ್ಪಾ," ಅಂದಳು ಅವಳು. ಎದ್ದು ಹೋಗಿ ಹ್ಯಾಂಗರಿನ ಶರ್ಟು ತೆಗೆದಳು. ಮಡಿಕೆ ಕೆಡದ ಹಾಗೆ ಬ್ಯಾಗಿನಲ್ಲಿಟ್ಟು, ಬಂದು ಮುಂದಿನ ಕಾರ್ಡು ಎತ್ತಿ ಹಿಡಿದಳು.