ಗಿಟಾರಿನ ತಲೆಯ ಮೇಲಿನ ಬಿಳಿ ಮೀನು

ಪ್ರಿಂಟರ್ ಕಿರ್ರೆಂದಿತು, ಒಮ್ಮೆ ಕೆಮ್ಮಿತು, ಗಾಜಿನಂಥ ತೆಳು ಸ್ಟಿಕ್ಕರ್ ಹಾಳೆಯನ್ನು ಹೊರಗೆ ತಳ್ಳಿತು.

ಯುನುವೆನ್ ಅದನ್ನು ಬೆಳಕಿಗೆ ಹಿಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ದೋನ್ ಫಿದೆನ್ಸಿಯೊ, ಇದ್ರಲ್ಲಿ ಏನೂ ಬಂದೇ ಇಲ್ಲ!"

ಸ್ಟೇಷನರಿ ಅಂಗಡಿಯ ಮುದುಕ ಫಿದೆನ್ಸಿಯೊ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ. "ನಿನ್ನ ಮೀನು ಯಾವ ಬಣ್ಣದ್ದು?"

"ಬಿಳಿ. ಅಜ್ಜಿ ಊರಿನ ಸರೋವರದಲ್ಲಿ ಇರುತ್ತಲ್ಲ, ಆ ಬಿಳಿ ಮೀನು. ಅದರ ಕೆಳಗೆ ಅಮ್ಮನ ಹೆಸರು. ಅದೂ ಬಿಳಿ."

"ಹಾಗಾದ್ರೆ ಮುಳುಗ್ತು ಬಿಡು! ಪ್ರಿಂಟರ್ ಹೊಟ್ಟೇಲಿ ಕಪ್ಪಿದೆ, ನೀಲಿ ಇದೆ, ಕೆಂಪು, ಹಳದಿ ಇದೆ. ಬಿಳಿ ಇಲ್ಲಮ್ಮ. ಕಾಗದದ ಮೇಲೆ ಬಿಳಿ ಅಂತ ಕಾಣೋದು ಕಾಗದವೇ. ಈ ಹಾಳೆಗೆ ತನ್ನದು ಅಂತ ಬಣ್ಣವೇ ಇಲ್ಲ."

"ಕೆಂಪು ಹಾಕ್ಲಾ ಹಾಗಾದ್ರೆ?"

"ಅಂಟಿಸೋದು ಗಿಟಾರಿನ ಕರಿಮರದ ಮೇಲೆ. ಅಲ್ಲಿ ಕೆಂಪೂ ಮುಳುಗುತ್ತೆ, ಹಳದೀನೂ ಮುಳುಗುತ್ತೆ." ಮುದುಕ ನಕ್ಕ. "ಒಂದು ಲಾಭ ನೋಡು. ಏನೂ ಅಚ್ಚಾಗಿಲ್ಲ, ಹಾಳೆ ಹೊಸದಾಗೇ ಉಳೀತು!"

ಯುನುವೆನ್‌ಗೆ ನಗು ಬರಲಿಲ್ಲ.

ವಾರವಿಡೀ ಶಾಲೆ ಬಿಟ್ಟ ಮೇಲೆ ಅವಳು ಇದೇ ಅಂಗಡಿಯ ಹಳೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅದರಲ್ಲಿ ಚಿತ್ರ ಬಿಡಿಸುವ ಒಂದು ಪ್ರೋಗ್ರಾಮ್ ಇತ್ತು. ಅದು ಎಲ್ಲರಿಗೂ ಪುಕ್ಕಟೆ. ಶಾಲೆಯ ಟೀಚರ್ ಅದನ್ನು ಕಲಿಸಿಕೊಟ್ಟಿದ್ದರು. ಗೆರೆಯ ಮೇಲೆ ಚುಕ್ಕಿ ಇಟ್ಟು ಎಳೆದರೆ ಸಾಕು, ಗೆರೆ ಬಳ್ಳಿಯ ಹಾಗೆ ಬಾಗುತ್ತದೆ. ಮೊದಲ ದಿನ ಮೀನು ಆಲೂಗಡ್ಡೆಯಂತೆ ಬಂತು. ಮರುದಿನ ಚಪ್ಪಲಿಯಂತೆ. ಕೊನೆಗೊಂದು ದಿನ ಬಾಲ ಬಳುಕಿತು, ಕಪ್ಪು ಪರದೆಯ ಮೇಲೆ ಮೀನು ಬೆಳ್ಳಗೆ ಈಜಿತು.

ಅಂಥ ಮೀನು ಈಗ ಎಲ್ಲಿ ಹೋಯಿತು?

ನಮ್ಮ ಪರಾಚೊ ಊರಿನಲ್ಲಿ ಮನೆಗೊಂದು ಗಿಟಾರ್ ಕಾರ್ಖಾನೆ ಎಂದರೂ ತಪ್ಪಿಲ್ಲ. ಯುನುವೆನ್‌ಳ ಅಮ್ಮ ಎದೆಲ್ಮಿರಾ ಮದುವೆಗೆ ಮುಂಚಿನಿಂದಲೂ ತನ್ನ ಅಣ್ಣ ಎಲಿಯೊದೋರೊನ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು. ಹಲಗೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಇನ್ನೊಂದು ಚೂರು ಕೆತ್ತಿ, ಮತ್ತೆ ತಟ್ಟುವಳು. ಅವಳು ಮುಟ್ಟಿದ ಗಿಟಾರ್ ಬೇರೆಯೇ ಹಾಡುತ್ತದೆ ಎಂದು ಊರಿಗೇ ಗೊತ್ತು. ಆದರೆ ಆ ಗಿಟಾರುಗಳ ತಂತಿ ಬಿಗಿಯುವ ತಲೆಯ ಮೇಲೆಲ್ಲ ಇದ್ದದ್ದು ಅಣ್ಣನ ಹೆಸರಿನ ಬಂಗಾರದ ಬಣ್ಣದ ಸ್ಟಿಕ್ಕರ್.

ಈ ಸಲ ಅವಳು ತನ್ನ ಮನೆಯ ಹಿತ್ತಲಲ್ಲೇ ಕೂತು ಒಂದು ಗಿಟಾರ್ ಮಾಡಿದ್ದಳು. ಹಾಡುಗಾರ್ತಿ ದೋನ್ಯಾ ಬ್ರಿಹಿದಾ ಭಾನುವಾರ ಬಂದು ಅದನ್ನು ಒಯ್ಯುವವರಿದ್ದರು. ಅದಕ್ಕೆ ಅಮ್ಮನ ಹೆಸರು ಹಾಕಿಕೊಡುತ್ತೇನೆಂದು ಯುನುವೆನ್ ಮಾತು ಕೊಟ್ಟಿದ್ದಳು.

ಅವಳು ಮನೆಗೆ ಬಂದಾಗ ಎಲಿಯೊದೋರೊ ಮಾವ ಹಿತ್ತಲಲ್ಲಿ ಬಿಸಿ ಅತೋಲೆ ಗಂಜಿ ಕುಡಿಯುತ್ತ ಕೂತಿದ್ದ.

"ಬಂದ್ರು ನೋಡು ಕಂಪ್ಯೂಟರ್ ಮೇಡಂ! ಎಲ್ಲಿ ನಿಮ್ಮ ಮೀನು?"

ಯುನುವೆನ್ ಖಾಲಿ ಹಾಳೆ ತೋರಿಸಿದಳು. ಮಾವ ಅದರ ಮೂಲಕ ಆಕಾಶ ನೋಡಿ ಹೊಟ್ಟೆ ಕುಣಿಸಿ ನಕ್ಕ. "ಭೇಷ್! ಬೆಕ್ಕು ತಿಂದ್ಕೊಂಡು ಹೋಯ್ತಾ?"

"ಮಾವಾ, ಸುಮ್ನಿರು!"

"ಅಳಬೇಡ್ವೇ. ನನ್ನ ಸ್ಟಿಕ್ಕರ್ ಒಂದು ಸುರುಳಿ ಇದೆ, ಅದನ್ನೇ ಅಂಟಿಸೋಣ. ಏನಂತೀಯ ತಂಗಿ? ಹೆಸರೇನು ಹಾಡು ಹೇಳುತ್ತಾ?"

ಅಮ್ಮ ಗಿಟಾರಿನ ಕರಿಮರದ ತಲೆಯನ್ನು ಬಟ್ಟೆಯಿಂದ ಉಜ್ಜುತ್ತಿದ್ದಳು. ಉಜ್ಜುವ ಕೈ ನಿಂತಿತು. "ಆಯ್ತು ಬಿಡಣ್ಣ. ಮುಂದಿನ ಗಿಟಾರಿಗೆ ನೋಡಿಕೊಂಡ್ರಾಯ್ತು." ಕೈ ಮತ್ತೆ ಉಜ್ಜತೊಡಗಿತು.

ಅಮ್ಮ ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಯುನುವೆನ್ ಜೋಳದ ರೊಟ್ಟಿ ತರಲು ಹೊರಟಳು. ಗಿಟಾರ್ ಹಬ್ಬ ಹತ್ತಿರ ಬಂದಿತ್ತು. ಬೀದಿಗೆ ಅಡ್ಡಲಾಗಿ ಬಣ್ಣದ ಕಾಗದದ ತೋರಣ ಕಟ್ಟಿದ್ದರು, ಉಳಿಯಿಂದ ಹೂವು, ಹಕ್ಕಿ ಕೊರೆದ ತೋರಣ. ಗಾಳಿಗೆ ಅದು ಪಟಪಟ ಎನ್ನುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೇ. ಆದರೂ ಅವಳು ನಡುಬೀದಿಯಲ್ಲಿ ನಿಂತುಬಿಟ್ಟಳು.

ಕಾಗದ ಕೆಂಪು. ಅದರೊಳಗಿನ ಪಾರಿವಾಳ ಮಾತ್ರ ಬೆಳ್ಳಗಿತ್ತು. ಆ ಬಿಳಿಯನ್ನು ಯಾರೂ ಬಳಿದಿರಲಿಲ್ಲ. ಅಲ್ಲಿ ಕಾಗದವೇ ಇರಲಿಲ್ಲ. ಕಾಣುತ್ತಿದ್ದದ್ದು ಹಿಂದಿನ ಮೋಡ.

"ಏ ಹುಡುಗಿ, ಪಕ್ಕಕ್ಕೆ ಸರಿಯೇ!" ಎಂದು ಸೈಕಲ್ಲಿನವನೊಬ್ಬ ಕೂಗಿದ. ಯುನುವೆನ್ ಆಗಲೇ ಫಿದೆನ್ಸಿಯೊನ ಅಂಗಡಿಯತ್ತ ಓಡುತ್ತಿದ್ದಳು.

ಮೊದಲು ಕಂಪ್ಯೂಟರಿನಲ್ಲಿ ಒಂದು ಕಪ್ಪು ಪಟ್ಟಿ ಬಿಡಿಸಿದಳು. ಮೀನನ್ನೂ ಅಕ್ಷರಗಳನ್ನೂ ಅದರ ಮೇಲಿಟ್ಟಳು. ಒಂದರೊಳಗಿಂದ ಇನ್ನೊಂದನ್ನು ಕೊರೆದು ತೆಗೆಯುವ ಬಟನ್ ಒತ್ತಿದಳು. ಈ ಸಲ ಹಾಳೆ ಕಪ್ಪಗೆ ಹೊರಬಂತು, ನಡುವೆ ಮೀನಿನ ಆಕಾರದ ಖಾಲಿ ಜಾಗ. "ಅರೆರೆ, ಮೀನು ಮೇಲೆ ಬಂತಲ್ಲೇ!" ಎಂದ ಮುದುಕ.

ಮನೆಗೆ ಬಂದು ಹಾಳೆಯನ್ನು ಗಿಟಾರಿನ ತಲೆಯ ಮೇಲಿಟ್ಟಳು.

ಕಪ್ಪಿನ ಮೇಲೆ ಕಪ್ಪು. ಮೀನು ಮತ್ತೆ ಮಾಯ.

"ಇದಕ್ಕೆ ಹಿಂದೆ ಮೋಡ ಬೇಕಿತ್ತಮ್ಮಾ..." ಎನ್ನುತ್ತ ಅವಳು ಹಾಳೆಯನ್ನು ಅಮ್ಮನತ್ತ ಚಾಚಿದಳು.

ಅಮ್ಮ ಹಾಳೆಯನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಮೂಲೆಯಿಂದ ಒಂದು ಹಲಗೆ ಚೂರು ತಂದಳು. ಅದೇ ಗಿಟಾರಿನ ಎದೆಗೆ ಹಾಕಿ ಉಳಿದ ಮರ. ಬೆಣ್ಣೆಯ ಬಣ್ಣ, ಕೂದಲೆಳೆಯಂಥ ಗೆರೆಗಳು. ಅದರ ಮೇಲೆ ಹಾಳೆ ಇಟ್ಟಳು.

ಮೀನು ಎದ್ದು ಬಂತು. ಮರದ ಗೆರೆಗಳೇ ಅದರ ಮೈಮೇಲಿನ ನೀರಾದವು.

ಅಮ್ಮ ಸಣ್ಣ ಗರಗಸದಿಂದ ಹಲಗೆಯ ನಡುವಿನಿಂದ ಮೊಟ್ಟೆಯಾಕಾರದ ಒಂದು ತುಂಡು ಕೊರೆದಳು. ಗಿಟಾರಿನ ತಲೆಯ ಮೇಲೆ ಅದನ್ನಿಟ್ಟು ಸುತ್ತ ಗೆರೆ ಹಾಕಿದಳು. ಉಳಿ ಎತ್ತಿಕೊಂಡಳು.

"ಏ ಎದೆಲ್ಮಿರಾ!" ಬಾಗಿಲಲ್ಲಿ ನಿಂತಿದ್ದ ಮಾವ ಕೂಗಿದ. "ಪಾಲಿಶ್ ಆದ ತಲೆ ಅದು! ಒಂಚೂರು ಕೈ ಜಾರಿದ್ರೆ ಗಿಟಾರೇ ಹೋಯ್ತು. ಹುಡುಗಿ ಆಟಕ್ಕೆ ನೀನೂ ಕುಣೀತೀಯಾ?"

"ಬೆಳಕಿಗೆ ಅಡ್ಡ ನಿಂತಿದೀಯ ಅಣ್ಣ," ಎಂದಳು ಅಮ್ಮ.

ಯುನುವೆನ್ ಕಣ್ಣು ಮುಚ್ಚಬೇಕೆಂದುಕೊಂಡಳು, ಆಗಲಿಲ್ಲ. ಅಮ್ಮನ ಕೈಯಲ್ಲಿ ಉಳಿ ಬೆಣ್ಣೆಯೊಳಗೆ ಹೋದಂತೆ ಹೋಗುತ್ತಿತ್ತು. ಕರಿಮರ ಸುರುಳಿ ಸುರುಳಿಯಾಗಿ ಎದ್ದು ನೆಲಕ್ಕೆ ಬೀಳುತ್ತಿತ್ತು. ತುಂಡು ಒಳಗೆ ಕೂತಿತು. ಸಂದಿನಲ್ಲಿ ಉಗುರೂ ಸಿಕ್ಕಿಕೊಳ್ಳಲಿಲ್ಲ. ಮಾವ ಬಗ್ಗಿ ನೋಡಿದ. ತಾನೂ ಸಂದಿನ ಮೇಲೆ ಉಗುರಾಡಿಸಿದ.

ಅಂಟು ಒಣಗಿದ ಮೇಲೆ ಸ್ಟಿಕ್ಕರಿನ ಸರದಿ. ವಾರ್ನಿಶ್ ಸವರಿ ಒಣಗಿಸಿದ ಹಾಳೆಯನ್ನು ಕತ್ತರಿಸಿ ತಟ್ಟೆಯ ನೀರಲ್ಲಿ ನೆನೆಸಿದರು. "ಇದು ನಿನ್ನ ಕೆಲಸ," ಎಂದಳು ಅಮ್ಮ. ಯುನುವೆನ್ ಉಸಿರು ಬಿಗಿಹಿಡಿದು ನೆನೆದು ಹಿಂಬದಿಯ ಪದರದಿಂದ ಬಿಟ್ಟ ತೆಳ್ಳನೆಯ ಪೊರೆಯನ್ನು ಗಿಟಾರಿನ ತಲೆಯ ಮೇಲೆ ಮೆಲ್ಲಗೆ ಜಾರಿಸಿದಳು. ಮೊಟ್ಟೆಯಾಕಾರದ ಅಂಚು ಕಪ್ಪಿನಡಿ ಅಡಗಿಹೋಯಿತು. ಉಳಿದದ್ದು ಮೀನು, ಮತ್ತು ಹೆಸರು: ಎದೆಲ್ಮಿರಾ.

ಭಾನುವಾರ ದೋನ್ಯಾ ಬ್ರಿಹಿದಾ ಗಿಟಾರನ್ನು ಮಡಿಲಿಗೆ ತೆಗೆದುಕೊಂಡು ಮೊದಲು ನೋಡಿದ್ದೇ ತಲೆಯನ್ನು. "ಅಮ್ಮಮ್ಮಾ! ಇಷ್ಟು ಸಣ್ಣ ಬಾಲವನ್ನ ಮರದಲ್ಲಿ ಹೇಗೆ ಕೂರಿಸಿದ್ರಿ? ಯಾವ ಉಳಿ ಹೋಗುತ್ತೆ ಇದರೊಳಗೆ?"

"ಮರ ನಂದು," ಎಂದಳು ಅಮ್ಮ. "ಮೀನು ನನ್ನ ಮಗಳದು."

"ಎದೆಲ್ಮಿರಾ," ಎಂದು ಮಾವ ಗಟ್ಟಿಯಾಗಿ ಓದಿದ. ಅದು ತನ್ನ ತಂಗಿಯದಲ್ಲ, ಯಾರೋ ದೊಡ್ಡ ಮನುಷ್ಯರ ಹೆಸರು ಎಂಬಂತೆ. "ಚೆನ್ನಾಗಿ ಕಾಣುತ್ತೆ ಕಣೇ."

ಯುನುವೆನ್ ಬೆಂಚಿನ ಕೆಳಗಿಂದ ಆ ಹಲಗೆ ಚೂರನ್ನು ಎತ್ತಿಕೊಂಡಳು. ಮೀನಿಗೆ ಜಾಗ ಕೊಟ್ಟು ಅದರ ನಡುವೆ ಮೊಟ್ಟೆಯಾಕಾರದ ತೂತು ಉಳಿದಿತ್ತು. ಮುಗಿದ ಗಿಟಾರಿಗೆ ಉಳಿ ಇಡುವಾಗ ಅಮ್ಮ ಒಂದು ಸಲವೂ, "ಇದು ಸರಿಯಾಗುತ್ತೇನೇ?" ಎಂದು ಕೇಳಿರಲಿಲ್ಲ. ತನ್ನ ಮೀನನ್ನು ಅಮ್ಮ ಅಷ್ಟು ನಂಬಿದ್ದಳು ಎಂಬುದು ಯುನುವೆನ್‌ಗೆ ಈಗ ಹೊಳೆಯಿತು.

ಅವಳು ಹಲಗೆಯನ್ನು ಕಣ್ಣಿಗೆ ಹಿಡಿದಳು. ತೂತಿನ ಆಚೆ ಹಿತ್ತಲಿನ ಬೆಳಕಲ್ಲಿ ಅಮ್ಮ ತಲೆ ಬಾಗಿಸಿ, ದೋನ್ಯಾ ಬ್ರಿಹಿದಾ ನುಡಿಸುತ್ತಿದ್ದ ಗಿಟಾರಿನ ತಂತಿಗೆ ಕಿವಿಗೊಟ್ಟು ಕೂತಿದ್ದಳು. ಯುನುವೆನ್ ಹಲಗೆಯನ್ನು ಕೆಳಗಿಳಿಸಲಿಲ್ಲ.