ನೀ ಹೇಳು, ನಾ ಕೇಳ್ತೇನಿ

ದಾನೇಶ್ವರಿ ಬನ್ನಿ ಎಲೆ ಹಿಡಿದ ಕೈಯನ್ನು ಮುಂದೆ ಚಾಚಿದಳು.

ಸೋಮಶೇಖರ ಆ ಕೈಯನ್ನು ದಾಟಿ ಹೋಗಿಯೇಬಿಟ್ಟ!

ಒಂದು ಮಾತಿಲ್ಲ, ಒಂದು ನೋಟವಿಲ್ಲ... ದಸರೆಯ ಆ ಮುಸ್ಸಂಜೆ ಗೋಕಾಕದಲ್ಲಿ, ಭೂಗೋಳ ಕಲಿಸುವ ರಾಜೇಶ್ವರಿ ಮೇಡಂ ಮನೆಯ ಮುಂದೆ ಅರ್ಧ ಕ್ಲಾಸೇ ನೆರೆದಿತ್ತು. ಓಣಿಯ ದೀಪ ಬೇರೆ ಕೆಟ್ಟಿತ್ತು. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ಎಲ್ಲರೂ ಗದ್ದಲ ಮಾಡುತ್ತ ಅವನ ಅಂಗೈಗೆ ಎಲೆ ತುರುಕಿದ್ದರು. ದಾನೇಶ್ವರಿಗೆ ಮಾತ್ರ ನಾಚಿಕೆ. ಗುಂಪು ಕರಗಲಿ ಎಂದು ಕಾದು, ತುಟಿ ಬಿಚ್ಚದೆ ಕೈ ಚಾಚಿದ್ದಳು.

ಈ ಕಡೆ ವರ್ಷವಿಡೀ ಹೊಲದ ಬದುವಿಗಾಗಿ ಬಡಿದಾಡಿದವರೂ ಆ ದಿನ ಬನ್ನಿ ಕೊಟ್ಟು ತಗೊಳ್ಳುತ್ತಾರೆ. ಕೊಟ್ಟ ಬನ್ನಿಯನ್ನು ಬೇಡ ಅನ್ನುವ ಪದ್ಧತಿಯೇ ಇಲ್ಲ. ವೈರಿಗೆ ಸಿಗುವ ಮರ್ಯಾದೆಯೂ ಪಾಪ, ಈ ಹುಡುಗಿಗೆ ಸಿಗಲಿಲ್ಲ.

"ಅಯ್ಯ! ಏನ ಸೊಕ್ಕು ಬಂದೈತಿ ಅವಂಗ?" ಗೆಳತಿ ಪೂನಮ್ ಮೂಗು ಮುರಿದಳು.

"ಇರ್ಲಿ ಬಿಡ..."

ಇರಲಿ ಎಂದವಳು ಮನೆಗೆ ಬಂದು ದಿಂಬಿಗೆ ಮುಖ ಒತ್ತಿ ಅತ್ತಳು. ಎಲೆ ಎಸೆಯಲು ಮನಸ್ಸಾಗದೆ ಕಂಪಾಸ್ ಡಬ್ಬಿಯಲ್ಲಿ ಇಟ್ಟಳು.

ಅಳದೆ ಏನು ಮಾಡಿಯಾಳು? ಬಿ.ಎ. ಮೊದಲ ವರ್ಷದಿಂದ ಇಬ್ಬರದೂ ಇತಿಹಾಸ, ಭೂಗೋಳ. ಪ್ರಾಕ್ಟಿಕಲ್ ಕೋಣೆಯಲ್ಲಿ ಇಬ್ಬರಿಗೂ ಒಂದೇ ಟೇಬಲ್ಲು, ಒಂದೇ ನಕಾಶೆ. ಎತ್ತರ ತೋರಿಸುವ ಕಂದು ಗೆರೆಗಳು ಕೂದಲೆಳೆಯಷ್ಟು ಸಣ್ಣ. ಮೊದಮೊದಲು ಅವನೇ ಬೆರಳಿಟ್ಟು ತೋರಿಸುತ್ತಿದ್ದ. ಗೋಕಾಕ ಫಾಲ್ಸ್ ಊರಿನಲ್ಲಿ ಹುಟ್ಟಿದವನು, ನೀರು ಬೀಳುವ ಜಾಗದಲ್ಲಿ ಗೆರೆಗಳು ಒತ್ತೊತ್ತಾಗಿ ಕೂತಿದ್ದನ್ನು ಕಂಡು ಕುಣಿದಿದ್ದ. "ನಕಾಶಿ ತಯಾರು ಮಾಡೋ ನೌಕರಿನ ಹಿಡೀತೀನಿ ನೋಡ!" ಅಂದಿದ್ದ.

ಆಮೇಲಾಮೇಲೆ ಅವನು ನಕಾಶೆಗೆ ಬಗ್ಗುವುದನ್ನೇ ಬಿಟ್ಟ. ಗಲ್ಲಕ್ಕೆ ಕೈ ಕೊಟ್ಟು ಕೂತು, "ನೀ ಹೇಳು, ನಾ ಕೇಳ್ತೇನಿ" ಅನ್ನುತ್ತಿದ್ದ.

'ನನ್ನ ದನಿ ಕೇಳೋ ನೆಪ' ಎಂದುಕೊಂಡು ಅವಳು ಒಳಗೊಳಗೇ ಅರಳುತ್ತಿದ್ದಳು. ಇಲ್ಲಿ ಗುಡ್ಡ, ಇಲ್ಲಿ ಹಳ್ಳ, ಇಲ್ಲಿ ಒಂದು ಒಂಟಿ ಬಾವಿ... ಎಲ್ಲವನ್ನೂ ಹೇಳುತ್ತಿದ್ದಳು.

ಮೂರನೆಯ ವರ್ಷಕ್ಕೆ ಎರಡರಲ್ಲಿ ಒಂದು ವಿಷಯ ಮೇಜರ್, ಇನ್ನೊಂದು ಮೈನರ್. ಇಬ್ಬರೂ ಭೂಗೋಳವನ್ನೇ ಮೇಜರ್ ಮಾಡಿಕೊಳ್ಳುವುದೆಂದು ಮಾತಾಗಿತ್ತು. ಬರೆದೂ ಕೊಟ್ಟಿದ್ದರು.

ದಸರೆ ರಜೆ ಮುಗಿದು ಕಾಲೇಜು ಶುರುವಾದಾಗ ಅವಳ ಬಾಜೂದ ಕುರ್ಚಿ ಖಾಲಿ! ಸೋಮಶೇಖರ ಮೇಜರ್ ಬದಲಿಸಿ ಇತಿಹಾಸ ತಗೊಂಡಿದ್ದ.

ಗಾಯದ ಮೇಲೆ ಬರೆ. ಅವಳು ಮೆಟ್ಟಿಲ ಬಳಿ ಅವನನ್ನು ಅಡ್ಡಗಟ್ಟಿದಳು.

"ಯಾಕ ಬದಲಿ ಮಾಡಿದಿ?"

"ಇತಿಹಾಸ ಚೊಲೋ ಅನಿಸ್ತು. ತಗೊಂಡೆ." ಅವನ ಮುಖ ಬೇರೆಲ್ಲೋ ಇತ್ತು.

"ನನಗ ಒಂದು ಮಾತು ಹೇಳಬೇಕು ಅನಿಸ್ಲಿಲ್ಲೇನು? ಅವತ್ತ ನನ್ನ ಬನ್ನಿ ಬ್ಯಾಡಾತು, ಈಗ ನಾ ಕುಂತ ಟೇಬಲ್ಲೂ ಬ್ಯಾಡಾತು!"

ಅವನು ಬೆಚ್ಚಿದ. "ಬನ್ನಿ? ಯಾವ ಬನ್ನಿ?"

ಮರೆತೇ ಹೋಯಿತೇ? ಅಷ್ಟು ಅಗ್ಗವಾದೆನೇ ನಾನು? ದಾನೇಶ್ವರಿ ಸರಸರ ಮೆಟ್ಟಿಲಿಳಿದಳು. ತಿರುಗಿ ನೋಡಿದ್ದರೆ, ಅವನು ಗೋಡೆಗೆ ತಲೆಯಾನಿಸಿ ಕಣ್ಣೊರೆಸಿಕೊಂಡದ್ದು ಕಾಣುತ್ತಿತ್ತು. ಸಿಟ್ಟು ಬಂದವರು ತಿರುಗಿ ನೋಡುವುದುಂಟೇ!

ಆ ತಿಂಗಳ ಕೊನೆಗೆ ಮೇಡಂ ಎಲ್ಲರನ್ನೂ ಹಿಡಕಲ್ ಡ್ಯಾಮಿಗೆ ಸರ್ವೆ ಕಲಿಸಲು ಕರೆದೊಯ್ದರು. ಭೂಗೋಳ ಮೈನರ್ ಇದ್ದವರೂ ಬರಬೇಕಿತ್ತು, ಸೋಮಶೇಖರನೂ ಬಂದ. ದಿನವಿಡೀ ಇಬ್ಬರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡೇ ಓಡಾಡಿದರು.

ಹೊತ್ತು ಮುಳುಗಿತು. ಹುಡುಗರೆಲ್ಲ ಚಹಾದಂಗಡಿಗೆ ಓಡಿದರು. ದಾನೇಶ್ವರಿ ಅಳತೆಯ ಟೇಪು ಸುತ್ತಿಕೊಂಡು ಕೊನೆಗೆ ಬಂದಳು. ನೀರಿನ ಕಡೆಯ ಮೆಟ್ಟಿಲ ಮೇಲೆ ಅವನೊಬ್ಬನೇ, ಕಂಬಿ ಹಿಡಿದು ನಿಂತಿದ್ದ.

'ಮಾತಾಡಂಗಿಲ್ಲ. ಟೇಪ್ ಕೊಟ್ಟು ಹೋಗ್ತೀನಿ, ಇವನೇ ಹೊತ್ಕೊಂಡು ಬರ್ಲಿ!'

ಎದುರಿಗೆ ಹೋಗಿ ಟೇಪು ಚಾಚಿದಳು. ಅವನು ತಗೊಳ್ಳಲಿಲ್ಲ.

ಮತ್ತೆ ಅದೇ ಅವಮಾನ! ಅವಳ ಮೈಯೆಲ್ಲ ಉರಿಯಿತು. ಬಯ್ಯಲೆಂದು ಮುಖ ಎತ್ತಿದವಳು ಹಾಗೆಯೇ ನಿಂತಳು.

ಅವನ ಕಣ್ಣು ತೆರೆದಿದ್ದವು. ಅವಳತ್ತಲೇ ಇದ್ದವು. ಅವಳು ಮಾತ್ರ ಆ ಕಣ್ಣಿನಲ್ಲಿ ಇರಲಿಲ್ಲ.

"ಯಾರದು?" ಅವನು ಮೆಲ್ಲಗೆ ಕೇಳಿದ. "ಯಾರರೆ ಅದೀರೇನ್ರಿ? ಬಸ್ಸಿನ ತನಕ ಸ್ವಲ್ಪ ಕೈ ಹಿಡೀತೀರೇನು?"

ಟೇಪು ಅವಳ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಉರುಳಿತು.

ಬನ್ನಿ... ಕೆಟ್ಟ ದೀಪ... ತಾನು ತುಟಿ ಬಿಚ್ಚದೆ ಚಾಚಿದ ಕೈ... ನೀ ಹೇಳು, ನಾ ಕೇಳ್ತೇನಿ... ಅಯ್ಯೋ ದೇವರೇ!

"ಸೋಮು..."

"ದಾನಾ?" ಅವನು ದನಿ ಬಂದ ಕಡೆ ತಿರುಗಿದ. "ನೀ... ಎಷ್ಟೊತ್ತಾತು ಬಂದು?"

"ಯಾವಾಗಿಂದ ಹಿಂಗ?"

"ಎರಡನೇ ವರ್ಷದಿಂದ. ಹೊತ್ತು ಮುಣಿಗಿದ್ರ ಕಪ್ಪಾಗ್ತಿತ್ತು. ಈಗ ಹಗಲೂ ಸಣ್ಣ ಗೆರಿ ಕಾಣಂಗಿಲ್ಲ. ಹುಬ್ಬಳ್ಳಿ ಡಾಕ್ಟರು, ಇದಕ್ಕ ಔಷಧ ಇಲ್ಲಪಾ, ಬರಬರ್ತ ಪೂರಾ ಹೋಗ್ತೈತಿ ಅಂದ್ರು. ಬಳಗದಾಗ ಮದುವಿ ಆದ್ರ ಮಕ್ಕಳಿಗೆ ಹಿಂಗ ಬರಬಹುದಂತ. ಅವ್ವ ಅಪ್ಪನ ಅಕ್ಕನ ಮಗಳು... ಸ್ವಂತ ಸೋದರಮಾವನ್ನ ಮಾಡ್ಕೊಂಡಾಳ. ಅವತ್ತಿಂದ ಅವ್ವ ಅಪ್ಪನ ಜೋಡಿ ಮಾತು ಬಿಟ್ಟಾಳ. ಇಬ್ಬರೂ ಬ್ಯಾರೆ ಬ್ಯಾರೆ ಮೂಲ್ಯಾಗ ಕುಂತು ಅಳ್ತಾರ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಅಯ್ಯೋ ಪಾಪ ಅಂತಿದ್ದಿ. ನಿನ್ನ ಬಾಯಾಗ ಅದು ಕೇಳಾಕ ಆಗ್ತಿರಲಿಲ್ಲ. ನಕಾಶಿ ಕಾಣದವ ಭೂಗೋಳ ತಗೊಂಡು ಏನ ಮಾಡ್ಲಿ? ಇತಿಹಾಸ ಆದ್ರ ಕೇಳಿ ಕಲೀಬಹುದು. ಬದಲಿ ಮಾಡಿ ಬಂದ ದಿನ ಊಟಾ ಸೇರ್ಲಿಲ್ಲ."

ಸೊಕ್ಕು ಎಂದಿದ್ದರಲ್ಲ... ಇವನಿಗೆ! ಅವಳು ಕಣ್ಣೊರೆಸಿಕೊಂಡು ಗಟ್ಟಿಯಾಗಿ ಅಂದಳು:

"ನಾಳೆನ ನಾನೂ ಇತಿಹಾಸಕ್ಕ ಬರ್ತೀನಿ. ಬದಲಿ ಮಾಡಾಕ ಇನ್ನೂ ಟೈಮ್ ಐತಿ. ನಿನ್ನ ಬಾಜೂಕ ಕುಂತು ಎಲ್ಲಾ ಓದಿ ಹೇಳ್ತೀನಿ."

"ಬ್ಯಾಡ!"

ಅವನು ಹೀಗೆ ಗದರಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಯಾಕ? ನಾ ನಿನಗ ಬ್ಯಾಡೇನು?"

"ನಾ ಬಿಟ್ಟದ್ದು ನನ್ನ ಕಣ್ಣು ಹೋಗಾಕತ್ತಾವಂತ. ನಿನ್ನ ಕಣ್ಣಿಗೆ ಏನಾಗೈತಿ? ಆ ಗೆರಿ ಅಂದ್ರ ನಿನಗ ಎಷ್ಟ ಜೀವ ಅನ್ನೋದು ನಂಗೊತ್ತೈತಿ. ನನ್ನ ಸಲುವಾಗಿ ನೀನೂ ಬಿಟ್ಟರ, ದಾನಾ... ನಾ ಎರಡು ಸಲ ಕುರುಡ ಆಗ್ತೀನಿ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಪ್ರೀತಿಸಿದವರಿಗಾಗಿ ಏನಾದರೂ ಬಿಟ್ಟುಕೊಡಬೇಕೆಂದೇ ತಿಳಿದ ಹುಡುಗಿ. ಬಿಡದೆ ಹಿಡಿದುಕೊಳ್ಳುವುದು ಅದಕ್ಕಿಂತ ಕಷ್ಟ ಎಂದು ಅವಳಿಗೆ ಈಗ ಗೊತ್ತಾಯಿತು. ನಾಳೆಯೂ ಆ ಟೇಬಲ್ಲಿಗೆ ಒಬ್ಬಳೇ ಹೋಗಿ ಕೂರಬೇಕು.

ಬ್ಯಾಗಿನಿಂದ ಕಂಪಾಸ್ ಡಬ್ಬಿ ತೆಗೆದಳು. ಅವನ ಅಂಗೈ ಬಿಡಿಸಿ ಒಣಗಿದ ಎಲೆಗಳನ್ನು ಇಟ್ಟಳು.

ಅವನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಒಂದು ಎಲೆ ಮುರಿಯಿತು. "ಬನ್ನಿ..." ಅಂದ. ಎಲೆಗಳನ್ನು ಕಣ್ಣಿಗೆ ಒತ್ತಿಕೊಂಡ.

"ಬದಲಿ ಮಾಡಂಗಿಲ್ಲ. ಆದ್ರ ನಾ ಕಲಿತದ್ದನ್ನ ದಿನಾ ನಿನಗ ಹೇಳ್ತೀನಿ. ನೀ ಕೇಳಬೇಕು."

"ಪೂರಾ ಕತ್ತಲಾದ ಮ್ಯಾಲೂ?"

"ಆ ಮ್ಯಾಲೂ."

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅವಳು ಎದ್ದು ಅವನ ಕೈ ಹಿಡಿದಳು.

"ಈಗ ಏನೇನ ಕಾಣಾಕತ್ತೈತಿ?" ಅವನು ಕೇಳಿದ. " ನೀ ಹೇಳು, ನಾ ಕೇಳ್ತೇನಿ."

"ನೀರು ಕರ್ರಗಾಗೈತಿ. ಆ ದಂಡಿಗೆ ಒಂದು ದೋಣಿ ಐತಿ. ಮ್ಯಾಲ ಆಕಾಶದಾಗ ಒಂದ ಚಿಕ್ಕಿ ಮಿನುಗಾಕತ್ತೈತಿ."

"ಮತ್ತ?"

"ಮತ್ತ... ನಾ ಅಳಾಕತ್ತೇನಿ ಸೋಮು. ಹೇಳದಿದ್ರ ನಿನಗ ಕಾಣಂಗಿಲ್ಲಲ್ಲ, ಅದಕ್ಕ ಹೇಳಾಕತ್ತೇನಿ. ಸುಮ್ಮನ ಕೈ ಚಾಚಿ ಒಮ್ಮೆ ಕೆಟ್ಟೆ. ಇನ್ನ ಎಲ್ಲಾ ಬಾಯಿಬಿಟ್ಟ ಹೇಳ್ತೀನಿ. ನಿನ್ನ ಮ್ಯಾಲ ಜೀವ ಐತಿ ನಂದು."

ಅವನ ಬೆರಳುಗಳು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದವು.

"ಇನ್ನೊಮ್ಮೆ ಹೇಳು."

"ಯಾಕ, ಕೇಳಲಿಲ್ಲೇನು?"

"ಕೇಳಿಸ್ತು... ಆದ್ರೂ ಹೇಳು."